ವರ್ಷದ ಹಿನ್ನೋಟ: ಜಗತ್ತಿಗೆ ತೀರಾ ಬೇಗ, ನಮಗೆ ತೀರಾ ತಡ

1859ರ ಮೇ ತಿಂಗಳಲ್ಲಿ ಲಂಡನ್ನಿನ ಲಿನ್ನಿಯನ್ ಸೊಸೈಟಿ ಎಂಬ ಜೀವವಿಜ್ಞಾನ ಸಂಘದ ವಾರ್ಷಿಕ ಸಭೆ ನಡೆಯಿತು. ಅಧ್ಯಕ್ಷರಾಗಿದ್ದ ಥಾಮಸ್ ಬೆಲ್ ಹಿಂದಿನ ವರ್ಷವನ್ನು ನೆನೆದು ಮಾತಾಡಿದರು. ವಿಜ್ಞಾನದ ದಿಕ್ಕನ್ನೇ ಒಮ್ಮೆಗೇ ಬದಲಿಸಿಬಿಡುವಂಥ ಶೋಧ ಯಾವುದೂ ಆ ವರ್ಷ ಆಗಲಿಲ್ಲ ಎನ್ನುವುದು ಅವರ ಮಾತಿನ ಸಾರ.

ಹಾಗೆ ಅವರು ಪಕ್ಕಕ್ಕೆ ಸರಿಸಿದ ವರ್ಷ 1858. ಆ ವರ್ಷ ಜುಲೈ 1ರ ಸಂಜೆ ಅದೇ ಸೊಸೈಟಿಯಲ್ಲಿ, ಅದೇ ಬೆಲ್ ಅಧ್ಯಕ್ಷತೆಯಲ್ಲಿ, ಚಾರ್ಲ್ಸ್ ಡಾರ್ವಿನ್ ಮತ್ತು ಆಲ್ಫ್ರೆಡ್ ರಸೆಲ್ ವ್ಯಾಲೇಸ್ ಅವರ ಬರಹಗಳನ್ನು ಓದಲಾಗಿತ್ತು. ನಿಸರ್ಗದ ಆಯ್ಕೆಯಿಂದ ಜೀವಿಗಳು ಬದಲಾಗುತ್ತಾ ಬಂದಿವೆ ಎಂಬ ವಿಚಾರವನ್ನು ಒಂದು ಸಭೆಯ ಮುಂದೆ ಮೊದಲ ಬಾರಿ ಇಟ್ಟದ್ದು ಅಂದೇ. ಬರೆದವರಿಬ್ಬರೂ ಅಲ್ಲಿರಲಿಲ್ಲ. ಡಾರ್ವಿನ್ ಅದೇ ದಿನ ತಮ್ಮ ಎಳೆಯ ಮಗನನ್ನು ಮಣ್ಣು ಮಾಡಿದ್ದರು. ವ್ಯಾಲೇಸ್ ಮಲಯ ದ್ವೀಪಗಳಲ್ಲಿದ್ದರು. ಬೇರೆ ಯಾರೋ ಓದಿದರು, ಕೂತಿದ್ದವರು ಕೇಳಿಸಿಕೊಂಡರು, ಎದ್ದು ಮನೆಗೆ ಹೋದರು.

ಬೆಲ್ ದಡ್ಡರೇನಲ್ಲ. ವೃತ್ತಿಯಿಂದ ದಂತವೈದ್ಯರು, ಪ್ರಾಣಿಶಾಸ್ತ್ರದಲ್ಲಿ ಹೆಸರು ಮಾಡಿದವರು. ಡಾರ್ವಿನ್ ತಮ್ಮ ಹಡಗಿನ ಪ್ರವಾಸದಿಂದ ತಂದ ಸರೀಸೃಪಗಳನ್ನು ಗುರುತಿಸಿ ಬರೆದುಕೊಟ್ಟವರು ಇವರೇ. ಅಂಥವರ ಕಣ್ಣಮುಂದೆಯೇ ಆ ಶತಮಾನದ ದೊಡ್ಡ ವಿಚಾರ ಹಾದುಹೋಯಿತು. ವರ್ಷದ ವರದಿಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ಅವರನ್ನು ನೋಡಿ ನಗುವುದು ಸುಲಭ. ಆದರೆ ಪ್ರತಿ ಡಿಸೆಂಬರ್‌ನಲ್ಲಿ ನಾವು ಮಾಡುವುದೂ ಇದನ್ನೇ, ಅಲ್ವಾ?

ವರ್ಷದ ಕೊನೆ ಬಂತೆಂದರೆ ಪಟ್ಟಿಗಳ ಸುರಿಮಳೆ. ವರ್ಷದ ಹತ್ತು ಘಟನೆಗಳು, ವರ್ಷದ ವ್ಯಕ್ತಿ, ವರ್ಷದ ಪದ, ಅಗಲಿದ ಗಣ್ಯರು. ಇವನ್ನೆಲ್ಲ ಓದುವುದು ನನಗೂ ಇಷ್ಟ. ಆದರೆ ಓದುತ್ತಾ ಓದುತ್ತಾ ಒಂದು ವಿಷಯ ಗಟ್ಟಿಯಾಗುತ್ತಾ ಬಂದಿದೆ. ಜಗತ್ತಿನ ವರ್ಷವನ್ನು ಅಳೆಯಲು ಡಿಸೆಂಬರ್ ತೀರಾ ಬೇಗ. ನಮ್ಮ ಸ್ವಂತ ವರ್ಷವನ್ನು ನೆನೆಯಲು ಅದೇ ಡಿಸೆಂಬರ್ ತೀರಾ ತಡ.

ಮೊದಲು ಜಗತ್ತಿನ ಕಥೆ ನೋಡೋಣ. 1981ನ್ನು ತೆಗೆದುಕೊಳ್ಳಿ. ಮಾರ್ಚ್ 30ರಂದು ಅಮೆರಿಕದ ಅಧ್ಯಕ್ಷ ರೇಗನ್ ಮೇಲೆ ಗುಂಡು ಹಾರಿತು. ಮೇ 13ರಂದು ಪೋಪ್ ಎರಡನೇ ಜಾನ್ ಪಾಲ್ ಮೇಲೆ ಗುಂಡು ಹಾರಿತು. ಜುಲೈ 29ರಂದು ಚಾರ್ಲ್ಸ್ ಮತ್ತು ಡಯಾನಾ ಮದುವೆ. ಆ ವರ್ಷದ ಪಟ್ಟಿ ಬರೆಯಲು ಕೂತವರಿಗೆ ಸರಕಿಗೆ ಕೊರತೆಯೇ ಇರಲಿಲ್ಲ. ಈ ಎಲ್ಲದರ ನಡುವೆ, ಜೂನ್ 5ರಂದು, ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವಾರದ ವರದಿಯಲ್ಲಿ ಒಂದು ಚಿಕ್ಕ ಟಿಪ್ಪಣಿ ಬಂತು. ಲಾಸ್ ಏಂಜಲೀಸ್‌ನಲ್ಲಿ ಐವರು ಯುವಕರಿಗೆ ಅಪರೂಪದ ನ್ಯುಮೋನಿಯಾ ಬಂದಿದೆ, ಇವರು ಮೊದಲು ಆರೋಗ್ಯವಾಗಿಯೇ ಇದ್ದವರು ಎಂದು ಅದರಲ್ಲಿತ್ತು. ಆ ಕಾಯಿಲೆಗೆ ಆಗ ಹೆಸರೂ ಇರಲಿಲ್ಲ. ಇವತ್ತು ನಾವು ಏಡ್ಸ್ ಎನ್ನುತ್ತೇವೆ. ಅಲ್ಲಿಂದ ಇಲ್ಲಿಯವರೆಗೆ ಅದರಿಂದ ಸತ್ತವರು 4 ಕೋಟಿಗೂ ಹೆಚ್ಚು.

ಈಗ 1981ರ ದೊಡ್ಡ ಘಟನೆ ಯಾವುದು ಎಂದು ಕೇಳಿದರೆ ಮದುವೆಯ ಹೆಸರು ಹೇಳಲು ಬಾಯಿ ಬರುತ್ತದೆಯೇ? ಆದರೆ ಆ ಡಿಸೆಂಬರ್‌ನಲ್ಲಿ ಪಟ್ಟಿ ಬರೆದವರದು ತಪ್ಪು ಅನ್ನಲೂ ಆಗುವುದಿಲ್ಲ. ಅವರ ಕೈಯಲ್ಲಿದ್ದದ್ದು ಐದು ರೋಗಿಗಳ ಟಿಪ್ಪಣಿ, ಅಷ್ಟೇ.

1989 ಅಂದರೆ ಎಲ್ಲರಿಗೂ ನವೆಂಬರ್ 9ರ ಬರ್ಲಿನ್ ಗೋಡೆ ನೆನಪಾಗುತ್ತದೆ. ಅದು ಸರಿಯಾದ ನೆನಪೇ. ಅದೇ ವರ್ಷ ಮಾರ್ಚ್‌ನಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಎಂಬ ಉದ್ಯೋಗಿ ತಮ್ಮ ಮೇಲಧಿಕಾರಿಗೆ ಒಂದು ಪ್ರಸ್ತಾವ ಕೊಟ್ಟರು. ಸಂಸ್ಥೆಯೊಳಗಿನ ಮಾಹಿತಿ ಕಳೆದುಹೋಗದಂತೆ ಒಂದಕ್ಕೊಂದು ಕೊಂಡಿ ಹಾಕಿ ಇಡುವುದು ಹೇಗೆ ಎಂಬ ವಿಷಯ. ಮೇಲಧಿಕಾರಿ ಆ ಹಾಳೆಯ ಮೇಲೆ 'ಅಸ್ಪಷ್ಟ, ಆದರೆ ರೋಮಾಂಚಕ' ಎಂದು ಗೀಚಿ ಇಟ್ಟರು. ಮುಂದೆ ವೆಬ್ ಎಂದು ಬೆಳೆದದ್ದು ಅದೇ. ಗೋಡೆ ಬಿದ್ದದ್ದು ಟೀವಿಯಲ್ಲಿ ಕಂಡಿತು. ವೆಬ್ ಹುಟ್ಟಿದ್ದು ಒಂದು ಮೇಜಿನ ಮೇಲೆ.

ಹತ್ತಿರದ ಉದಾಹರಣೆ ಬೇಕೆಂದರೆ 2017ರ ಜೂನ್ ಇದೆ. ಗೂಗಲ್‌ನ ಎಂಟು ಸಂಶೋಧಕರು ಭಾಷಾಂತರ ಮಾಡುವ ಯಂತ್ರಗಳ ಬಗ್ಗೆ ಒಂದು ಪ್ರಬಂಧ ಹೊರತಂದರು. ಟ್ರಾನ್ಸ್‌ಫಾರ್ಮರ್ ಎಂಬ ವಿನ್ಯಾಸ ಅದರಲ್ಲಿತ್ತು. ಆ ಕ್ಷೇತ್ರದವರು ಕುತೂಹಲದಿಂದ ಓದಿದರು. ಉಳಿದವರಿಗೆ ಅದರ ಗಂಧಗಾಳಿಯೂ ಇರಲಿಲ್ಲ. 2022ರ ನವೆಂಬರ್ 30ರಂದು ಅದೇ ವಿನ್ಯಾಸದ ಮೇಲೆ ಕಟ್ಟಿದ ಚಾಟ್‌ಜಿಪಿಟಿ ಜನರ ಕೈಗೆ ಬಂದಾಗಲೇ ಆ ಪ್ರಬಂಧ ಎಂಥದ್ದೆಂದು ಹೊರಗಿನವರಿಗೆ ಗೊತ್ತಾಗಿದ್ದು. ಐದೂವರೆ ವರ್ಷ ತಡವಾಗಿ.

ಇದು ಯಾಕೆ ಹೀಗೆ? ಘಟನೆಯ ತೂಕ ಘಟನೆಯೊಳಗೆ ಇರುವುದಿಲ್ಲ. ಅದರಿಂದ ಮುಂದೆ ಏನಾಯಿತು ಎನ್ನುವುದರಲ್ಲಿ ಇರುತ್ತದೆ. ತತ್ವಜ್ಞಾನಿ ಆರ್ಥರ್ ಡಾಂಟೋ ಕೊಡುವ ಉದಾಹರಣೆ ಸೊಗಸಾಗಿದೆ. 'ಮೂವತ್ತು ವರ್ಷಗಳ ಯುದ್ಧ 1618ರಲ್ಲಿ ಶುರುವಾಯಿತು' ಎನ್ನುವುದು ನಿಜವಾದ ವಾಕ್ಯ. ಆದರೆ 1618ರಲ್ಲಿ ಬದುಕಿದ್ದ ಯಾರೂ, ಎಷ್ಟೇ ಜಾಣರಿದ್ದರೂ, ಆ ವಾಕ್ಯ ಹೇಳಲು ಸಾಧ್ಯವಿರಲಿಲ್ಲ. ಯುದ್ಧ ಮೂವತ್ತು ವರ್ಷ ಎಳೆಯುತ್ತದೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಪ್ರತಿ ವರ್ಷದ ಬಗ್ಗೆ ಹೀಗೆ ಇನ್ನೂ ಹೇಳಲಾಗದ ನಿಜ ವಾಕ್ಯಗಳು ಬೇಕಾದಷ್ಟಿರುತ್ತವೆ.

ಇನ್ನೊಂದು ತೊಡಕೂ ಇದೆ. ಕೆಲವು ದೊಡ್ಡ ಬದಲಾವಣೆಗಳಿಗೆ ತಾರೀಖೇ ಇರುವುದಿಲ್ಲ. 1990ರಲ್ಲಿ ಜಗತ್ತಿನಲ್ಲಿ ಐದು ವರ್ಷ ತುಂಬುವ ಮೊದಲೇ ಸತ್ತ ಮಕ್ಕಳು 1 ಕೋಟಿ 20 ಲಕ್ಷಕ್ಕೂ ಹೆಚ್ಚು. ವಿಶ್ವಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಆ ಸಂಖ್ಯೆ 49 ಲಕ್ಷಕ್ಕೆ ಇಳಿಯಿತು. ಮನುಷ್ಯರ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಸುದ್ದಿ ಹುಡುಕುವುದು ಕಷ್ಟ. ಆದರೆ ಇದು ಆದದ್ದು ಯಾವತ್ತು? ಯಾವ ಮಂಗಳವಾರ? ಲಸಿಕೆ, ಶುದ್ಧ ನೀರು, ಸಕ್ಕರೆ ಉಪ್ಪು ಬೆರೆಸಿದ ನೀರು, ಓದಿದ ತಾಯಂದಿರು, ಇವೆಲ್ಲ ಸೇರಿ ದಿನಕ್ಕಿಷ್ಟು ದಿನಕ್ಕಿಷ್ಟು ಎಂದು ಇಳಿಸಿದವು. ನಾರ್ವೆಯ ಸಂಶೋಧಕರಾದ ಯೋಹಾನ್ ಗಾಲ್ಟುಂಗ್ ಮತ್ತು ಮಾರಿ ರೂಗೆ 1965ರಲ್ಲೇ ಈ ಮಾತು ಹೇಳಿದ್ದರು. ಪತ್ರಿಕೆ ಹೊರಬರುವ ವೇಗಕ್ಕೆ ಹೊಂದುವ ಘಟನೆ ಸುದ್ದಿಯಾಗುತ್ತದೆ, ನಿಧಾನವಾಗಿ ನಡೆಯುವುದು ಜಾರಿಹೋಗುತ್ತದೆ. ಅಣೆಕಟ್ಟು ಕಟ್ಟುತ್ತಿರುವುದು ಸುದ್ದಿಯಲ್ಲ, ಅದರ ಉದ್ಘಾಟನೆ ಸುದ್ದಿ. ದಿನದ ಸುದ್ದಿಯಿಂದ ಹೆಕ್ಕಿ ಮಾಡಿದ ವರ್ಷದ ಪಟ್ಟಿಗೂ ಅದೇ ದೋಷ ಅಂಟಿಕೊಂಡೇ ಬರುತ್ತದೆ.

ಇನ್ನು ಸುಮ್ನೆ ಒಂದು ಯಾಂತ್ರಿಕ ಕಾರಣ. ಹಿನ್ನೋಟದ ಪುಟಗಳು ಸಿದ್ಧವಾಗುವುದು ಡಿಸೆಂಬರ್ 31ಕ್ಕಲ್ಲ, ಅದಕ್ಕೂ ಎಷ್ಟೋ ದಿನ ಮೊದಲು. ಹಾಗಾಗಿ ಕೊನೆಯ ವಾರ ಅಡಕತ್ತರಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. 2004ರ ಡಿಸೆಂಬರ್ 26ರ ಸುನಾಮಿ 2 ಲಕ್ಷ 20 ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಪಟ್ಟಿ ಮುಗಿಸಿ ಕೂತಿದ್ದವರು ಮತ್ತೆ ಬರೆಯಬೇಕಾಯಿತು. 1991ರ ಡಿಸೆಂಬರ್ 25ರಂದು ಸೋವಿಯತ್ ಅಧ್ಯಕ್ಷ ಗೋರ್ಬಚೆವ್ ರಾಜೀನಾಮೆ ಕೊಟ್ಟರು, ಮರುದಿನ ಸೋವಿಯತ್ ಒಕ್ಕೂಟವೇ ಇರಲಿಲ್ಲ. 2019ರ ಕಥೆಯಂತೂ ಇನ್ನೂ ವಿಚಿತ್ರ. ವುಹಾನ್‌ನಲ್ಲಿ ಕಾರಣ ತಿಳಿಯದ ನ್ಯುಮೋನಿಯಾ ಕಾಣಿಸಿಕೊಂಡಿದೆ ಎಂಬ ವಿಷಯ ವಿಶ್ವ ಆರೋಗ್ಯ ಸಂಸ್ಥೆಗೆ ಮುಟ್ಟಿದ್ದು ಡಿಸೆಂಬರ್ 31ರಂದು. 2019ರ ಯಾವ ಹಿನ್ನೋಟದಲ್ಲೂ ಅದಕ್ಕೆ ಜಾಗವಿರಲು ಸಾಧ್ಯವಿರಲಿಲ್ಲ.

ಈ ಗೆರೆ ಎಳೆದವರು ಯಾರು ಎಂದು ಕೇಳಿದರೆ ಅದೂ ಒಂದು ತಮಾಷೆ. ಜನವರಿ 1ರಂದು ಸೂರ್ಯನಿಗೂ ಭೂಮಿಗೂ ಹೊಸದೇನೂ ಆಗುವುದಿಲ್ಲ. ರೋಮ್‌ನ ಅಧಿಕಾರಿಗಳು ಆ ದಿನ ಅಧಿಕಾರ ವಹಿಸಿಕೊಳ್ಳುತ್ತಿದ್ದರು, ಅದು ಹಾಗೇ ಉಳಿಯಿತು. ಆದರೆ ಇಂಗ್ಲೆಂಡಿನಲ್ಲಿ ಕಾನೂನಿನ ಪ್ರಕಾರ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. 1752ರಿಂದ ಅದನ್ನು ಜನವರಿ 1ಕ್ಕೆ ಬದಲಿಸಿದರು. ಹಾಗಾಗಿ ಅಲ್ಲಿ 1751ನೇ ಇಸವಿಗೆ ಬರೀ 282 ದಿನ. ಆ ವರ್ಷದ ಹಿನ್ನೋಟ ಬರೆದವರಿಗೆ ಕೆಲಸ ಕಮ್ಮಿ ಇದ್ದಿರಬೇಕು.

ಜಗತ್ತಿನ ವಿಷಯ ಇಲ್ಲಿಗೆ ಬಿಡೋಣ. ಸ್ವಂತ ವರ್ಷದ ವಿಷಯದಲ್ಲಿ ಇದೆಲ್ಲ ತಲೆಕೆಳಗು.

ಹೋದ ಡಿಸೆಂಬರ್‌ನ ಒಂದು ಭಾನುವಾರ ನಾನು ಫೋನ್ ಪಕ್ಕದ ಕೋಣೆಯಲ್ಲಿಟ್ಟು, ಒಂದು ಹಾಳೆ ತೆಗೆದುಕೊಂಡು ಕೂತೆ. ಈ ವರ್ಷ ನನ್ನ ಪಾಲಿಗೆ ನೆನಪಿಡುವಂಥ ಹತ್ತು ಸಂಗತಿ ಬರೆಯಬೇಕು, ಅದೂ ಬರೀ ನೆನಪಿನಿಂದ. ಇಪ್ಪತ್ತು ನಿಮಿಷದಲ್ಲಿ ಹತ್ತೂ ಬಂದವು. ಖುಷಿಯಾಯಿತು. ಆಮೇಲೆ ಫೋನ್ ತಂದು ಜನವರಿಯಿಂದ ಫೋಟೋಗಳನ್ನು ಒಂದೊಂದಾಗಿ ನೋಡುತ್ತಾ ಬಂದೆ. ಖುಷಿ ಇಳಿಯಿತು.

ಹತ್ತರಲ್ಲಿ ಏಳು ಆಗಸ್ಟ್ ನಂತರದವು. ಗೆಳೆಯನ ಮದುವೆ ಎಂದು ಬರೆದಿದ್ದೆನಲ್ಲ, ಅದು ಅದರ ಹಿಂದಿನ ವರ್ಷದ ನವೆಂಬರ್‌ನಲ್ಲಿ ಆದದ್ದು. ಮತ್ತೆ ಫೆಬ್ರವರಿಗೆ ಬಂದಾಗ ಒಂದು ಫೋಟೋ ಕಂಡಿತು. ಫ್ರಿಜ್ ಬಾಗಿಲಿಗೆ ಅಂಟಿಸಿದ ಒಂದು ಚೀಟಿ. ನನ್ನದೇ ಕೈಬರಹ. ಸ್ಕೇಲ್ ಇಟ್ಟು ಎಳೆದ ನಾಲ್ಕು ಕಂಬಸಾಲು: ಬೆಳಿಗ್ಗೆ 8, ಮಧ್ಯಾಹ್ನ 12, ಸಂಜೆ 4, ರಾತ್ರಿ 8. ಎಡಗಡೆ ಔಷಧಿಯ ಹೆಸರಿಲ್ಲ, 'ಬಿಳಿ ಮುಚ್ಚಳ', 'ಗುಲಾಬಿ ಮುಚ್ಚಳ' ಎಂದಿದೆ. ಅಮ್ಮನ ಕಣ್ಣಿನ ಪೊರೆ ಆಪರೇಷನ್ ಆದಮೇಲೆ ಹಾಕಬೇಕಿದ್ದ ಹನಿಗಳು. ಪ್ರತಿ ಚೌಕದಲ್ಲಿ ಪೆನ್ನಿನ ಟಿಕ್. ಹನ್ನೊಂದನೇ ದಿನ ಸಂಜೆ 4ರಲ್ಲಿ ಟಿಕ್ ಬದಲು ಒಂದು ಪ್ರಶ್ನೆ ಚಿಹ್ನೆ.

ಆ ಐದಾರು ವಾರ ನನ್ನ ದಿನವೆಲ್ಲ ಆ ಚೀಟಿಯ ಸುತ್ತ ತಿರುಗಿತ್ತು. ಆಫೀಸಿನಿಂದ ಓಡಿ ಬರುತ್ತಿದ್ದೆ. ಅಮ್ಮ ತಲೆ ಹಿಂದಕ್ಕೆ ವಾಲಿಸಿ, 'ಹಾಕಿದ್ಯೇನೋ? ನಂಗೆ ಗೊತ್ತೇ ಆಗ್ಲಿಲ್ಲ' ಅನ್ನುತ್ತಿದ್ದಳು. ಹಾಗೆ ನಡೆದ ವರ್ಷದ ಪಟ್ಟಿಯಲ್ಲಿ ಇದು ಇಲ್ಲ! ಅದರ ಬದಲು ನವೆಂಬರ್‌ನಲ್ಲಿ ಹೊಸ ಫೋನ್ ತೆಗೆದುಕೊಂಡದ್ದು ಇದೆ. ನಾಚಿಕೆಯಾಯಿತು ಎಂದೇ ಹೇಳಬೇಕು.

ಮದುವೆಯ ತಾರೀಖು ತಪ್ಪಿದ್ದಕ್ಕೆ ವಿವರಣೆ ಹಳೆಯದೇ. ಅಮೆರಿಕದಲ್ಲಿ ಜಾನ್ ನೆಟರ್ ಮತ್ತು ಜೋಸೆಫ್ ವಾಕ್ಸ್‌ಬರ್ಗ್ ಎಂಬವರು 1964ರಲ್ಲಿ ಮನೆ ರಿಪೇರಿ ಖರ್ಚಿನ ಸಮೀಕ್ಷೆಗಳನ್ನು ಪರೀಕ್ಷಿಸಿದರು. ಇಂತಿಷ್ಟು ತಿಂಗಳಲ್ಲಿ ಏನು ರಿಪೇರಿ ಮಾಡಿಸಿದಿರಿ ಎಂದು ಕೇಳಿದರೆ ಜನ ಅದಕ್ಕೂ ಹಿಂದಿನ ರಿಪೇರಿಗಳನ್ನು ಒಳಗೆ ಸೇರಿಸಿಬಿಡುತ್ತಿದ್ದರು. ದೂರದರ್ಶಕದಲ್ಲಿ ದೂರದ್ದು ಹತ್ತಿರ ಕಾಣುತ್ತದಲ್ಲ, ಹಾಗೆ. ಗೆಳೆಯನ ಮದುವೆ ನನ್ನ ವರ್ಷದೊಳಗೆ ನುಸುಳಿದ್ದು ಹೀಗೇ.

ಕಣ್ಣಿನ ಹನಿ ಮರೆತದ್ದಕ್ಕೆ ಉತ್ತರ ಸಿಕ್ಕಿದ್ದು ವಿಲ್ಲೆಮ್ ವಾಗೆನಾರ್ ಎಂಬ ಡಚ್ ಮನಶ್ಶಾಸ್ತ್ರಜ್ಞರ ಕೆಲಸದಲ್ಲಿ. ಈ ಮನುಷ್ಯ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡವರು. ಆರು ವರ್ಷ ಕಾಲ ತಮ್ಮ ಬದುಕಿನ ಘಟನೆಗಳನ್ನು ಬರೆದಿಟ್ಟರು. ಏನಾಯಿತು, ಯಾರಿದ್ದರು, ಎಲ್ಲಿ, ಯಾವಾಗ ಎಂದು ನಾಲ್ಕು ಭಾಗ ಮಾಡಿ, ಒಟ್ಟು 2,400 ಘಟನೆ. ಆಮೇಲೆ ಒಂದೊಂದು ಸುಳಿವು ಕೊಟ್ಟುಕೊಂಡು ಉಳಿದದ್ದು ನೆನಪಾಗುತ್ತದೆಯೇ ಎಂದು ಪರೀಕ್ಷಿಸಿಕೊಂಡರು. ಫಲಿತಾಂಶ 1986ರಲ್ಲಿ ಪ್ರಕಟವಾಯಿತು. ಎಲ್ಲಕ್ಕಿಂತ ಚೆನ್ನಾಗಿ ನೆನಪು ತಂದದ್ದು 'ಏನು' ಎಂಬ ಸುಳಿವು. ಎಲ್ಲಕ್ಕಿಂತ ಕಡೆಯದು 'ಯಾವಾಗ'. ತಾರೀಖು ಒಂದೇ ಕೊಟ್ಟರೆ ಹೆಚ್ಚುಕಡಿಮೆ ಏನೂ ಹೊಳೆಯುತ್ತಿರಲಿಲ್ಲ.

ಇದನ್ನು ಓದಿದಾಗ ನನಗೆ ಜ್ಞಾನೋದಯವಾದಂತಾಯಿತು. 'ಈ ವರ್ಷ ಏನೇನಾಯಿತು' ಎಂದು ಕೇಳಿಕೊಳ್ಳುವುದು ಎಂದರೆ ಎಲ್ಲಕ್ಕಿಂತ ಕೆಟ್ಟ ಸುಳಿವನ್ನು ಹಿಡಿದುಕೊಂಡು ಹುಡುಕಲು ಹೊರಟ ಹಾಗೆ. ನೆನಪು ಕ್ಯಾಲೆಂಡರ್ ಪ್ರಕಾರ ಜೋಡಿಸಿಟ್ಟಿಲ್ಲ. ವಾಗೆನಾರ್ ಇನ್ನೊಂದು ಕೆಲಸ ಮಾಡಿದರು. ಪೂರ್ತಿ ಮರೆತೇಹೋಗಿದೆ ಎಂದುಕೊಂಡಿದ್ದ ಹತ್ತು ಘಟನೆಗಳನ್ನು ಆರಿಸಿ, ಆಗ ಜೊತೆಗಿದ್ದವರನ್ನು ವಿಚಾರಿಸಿದರು. ಅವರು ಇನ್ನಷ್ಟು ವಿವರ ಹೇಳುತ್ತಿದ್ದಂತೆ ಹತ್ತೂ ನೆನಪಾದವು. ಅಳಿಸಿಹೋಗಿರಲಿಲ್ಲ, ಕೈಗೆ ಸಿಗುತ್ತಿರಲಿಲ್ಲ ಅಷ್ಟೇ. ಗುಲಾಬಿ ಮುಚ್ಚಳ ಕಂಡದ್ದೇ ನನಗೂ ಇಡೀ ಫೆಬ್ರವರಿ ವಾಪಸ್ ಬಂತಲ್ಲ.

ಹಾಗಾದರೆ ತಾನಾಗಿ ನೆನಪಾಗುವುದು ಯಾವುದು? ಹೊಸದಾಗಿ ಕಂಡದ್ದು, ಅತಿ ತೀವ್ರವಾದ ಕ್ಷಣ, ಮತ್ತು ಕೊನೆ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಮತ್ತು ಜೊತೆಗಾರರು 1993ರಲ್ಲಿ ಜನರ ಕೈಯನ್ನು 14 ಡಿಗ್ರಿಯ ತಣ್ಣೀರಿನಲ್ಲಿ 60 ಸೆಕೆಂಡ್ ಇಡಿಸಿದರು. ಇನ್ನೊಂದು ಸಲ ಅದೇ 60 ಸೆಕೆಂಡ್, ಜೊತೆಗೆ ಇನ್ನೂ 30 ಸೆಕೆಂಡ್. ಆ ಕೊನೆಯ ಅರ್ಧ ನಿಮಿಷದಲ್ಲಿ ನೀರನ್ನು ನಿಧಾನವಾಗಿ 15 ಡಿಗ್ರಿಗೆ ಏರಿಸಿದರು. ಯಾವುದನ್ನು ಮತ್ತೊಮ್ಮೆ ಮಾಡುತ್ತೀರಿ ಎಂದಾಗ ಹೆಚ್ಚಿನವರು ಉದ್ದದ್ದನ್ನೇ ಆರಿಸಿಕೊಂಡರು! ನೋವು ಜಾಸ್ತಿ ಹೊತ್ತು ಇದ್ದರೂ ಕೊನೆ ಸ್ವಲ್ಪ ಹಿತವಾಗಿತ್ತು. ಎಷ್ಟು ಹೊತ್ತು ನಡೆಯಿತು ಎನ್ನುವುದನ್ನು ನೆನಪು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ವರ್ಷವೊಂದಕ್ಕೂ ಇದು ಹಾಗೇ ಅನ್ವಯಿಸುತ್ತದೆ ಎಂದು ಪ್ರಯೋಗ ಹೇಳುವುದಿಲ್ಲ, ಅದು ನನ್ನ ಅನುಮಾನ. ಆದರೆ ಡಿಸೆಂಬರ್ ಚೆನ್ನಾಗಿ ಕಳೆದರೆ 'ಒಳ್ಳೇ ವರ್ಷ ಬಿಡಿ' ಅನ್ನುವವರನ್ನು ನೀವೂ ನೋಡಿರುತ್ತೀರಿ.

ಚೆನ್ನಾಗಿ ನೆನಪಿದೆ ಎಂದು ಎದೆ ತಟ್ಟಿ ಹೇಳುವುದೂ ಕಷ್ಟ. 1986ರ ಜನವರಿ 28ರಂದು ಚಾಲೆಂಜರ್ ಗಗನನೌಕೆ ಸಿಡಿಯಿತು. ಅಮೆರಿಕದ ಮನಶ್ಶಾಸ್ತ್ರಜ್ಞ ಉಲ್ರಿಕ್ ನೈಸರ್ ಮರುದಿನವೇ ತಮ್ಮ ವಿದ್ಯಾರ್ಥಿಗಳಿಗೆ ಹಾಳೆ ಕೊಟ್ಟು, ಸುದ್ದಿ ಕೇಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು ಎಂದು ಬರೆಸಿಕೊಂಡರು. ಎರಡೂವರೆ ವರ್ಷ ಬಿಟ್ಟು ಅದೇ ಪ್ರಶ್ನೆ ಕೇಳಿದಾಗ ಕಾಲುಭಾಗದಷ್ಟು ಮಂದಿ ಹೇಳಿದ್ದು ಪೂರ್ತಿ ತಪ್ಪು. ಆತ್ಮವಿಶ್ವಾಸಕ್ಕೆ ಮಾತ್ರ ಕೊರತೆ ಇರಲಿಲ್ಲ. ತಮ್ಮದೇ ಕೈಬರಹ ತೋರಿಸಿದರೂ ಹಳೆಯ ನೆನಪು ವಾಪಸ್ ಬರಲಿಲ್ಲ.

ಈಗ ನೆನಪಿಡುವ ಕೆಲಸವನ್ನು ಆಪ್‌ಗಳಿಗೆ ಕೊಟ್ಟಿದ್ದೇವೆ. ಅವು ಎಣಿಸುವುದರಲ್ಲಿ ಜಾಣ, ಅಳೆಯುವುದರಲ್ಲಿ ಅಲ್ಲ. ಸ್ಪಾಟಿಫೈ ಕೊಡುವ ವರ್ಷದ ಲೆಕ್ಕ ಡಿಸೆಂಬರ್ ಶುರುವಿಗೇ ಕೈಗೆ ಬರುತ್ತದೆ, ಅಂದರೆ ಡಿಸೆಂಬರ್‌ನಲ್ಲಿ ಕೇಳಿದ ಹಾಡು ಲೆಕ್ಕಕ್ಕಿಲ್ಲ. ಅದು ಚಿಕ್ಕ ವಿಷಯ. 2014ರ ಡಿಸೆಂಬರ್‌ನಲ್ಲಿ ಆದದ್ದು ಚಿಕ್ಕದಲ್ಲ. ಫೇಸ್‌ಬುಕ್ ಆ ವರ್ಷ ತಾನಾಗಿಯೇ ಎಲ್ಲರ ವರ್ಷದ ಆಲ್ಬಂ ಸಿದ್ಧ ಮಾಡಿ ಮುಂದಿಟ್ಟಿತು. ಅಮೆರಿಕದ ಒಬ್ಬ ವೆಬ್ ವಿನ್ಯಾಸಕರಿಗೆ ಬಂದ ಆಲ್ಬಂನ ಮುಖಪುಟದಲ್ಲಿ ಅವರ ಪುಟ್ಟ ಮಗಳ ಫೋಟೋ ಇತ್ತು, ಸುತ್ತ ಕುಣಿಯುವ ಬೊಂಬೆಗಳು. ಆ ಮಗು ಅದೇ ವರ್ಷ ತೀರಿಕೊಂಡಿತ್ತು. ಅವರು ಬರೆದುಕೊಂಡ ನೋವನ್ನು ಜಗತ್ತು ಓದಿತು, ಕಂಪನಿಯವರು ಕ್ಷಮೆ ಕೇಳಿದರು. ಯಾರೂ ಬೇಕೆಂದು ಮಾಡಿದ್ದಲ್ಲ. ಅತಿ ಹೆಚ್ಚು ಜನ ಸ್ಪಂದಿಸಿದ ಫೋಟೋ ಎಂದರೆ ಅತಿ ಸಂತೋಷದ ಫೋಟೋ ಎಂದು ಯಂತ್ರಕ್ಕೆ ಹೇಳಿಕೊಟ್ಟಿದ್ದರು, ಅಷ್ಟೇ.

ಇದೆಲ್ಲ ಗೊತ್ತಾದಮೇಲೂ ನಾನು ಡಿಸೆಂಬರ್ ಪಟ್ಟಿ ಓದುವುದು ಬಿಟ್ಟಿಲ್ಲ. ಓದುವ ರೀತಿ ಬದಲಾಗಿದೆ. ಜಗತ್ತಿನ ವಿಷಯಕ್ಕೆ ಈ ವರ್ಷದ್ದರ ಜೊತೆ ಹತ್ತು ವರ್ಷ ಹಿಂದಿನ ಪಟ್ಟಿಯನ್ನೂ ಹುಡುಕಿ ಓದುತ್ತೇನೆ. ಆಗ ದೊಡ್ಡದಾಗಿ ಕಂಡದ್ದರಲ್ಲಿ ಈಗ ಉಳಿದದ್ದು ಎಷ್ಟು, ಆಗ ಯಾರೂ ಬರೆಯದೇ ಬಿಟ್ಟದ್ದು ಯಾವುದು ಎಂದು ಪೆನ್ಸಿಲ್ ಹಿಡಿದು ಗುರುತು ಹಾಕುವುದು ಒಳ್ಳೇ ಆಟ. ಈ ವರ್ಷದ ಪಟ್ಟಿಯನ್ನು ಮಾತ್ರ ಬೆಲ್ ಅವರ ಭಾಷಣದ ಹಾಗೆ ಓದುತ್ತೇನೆ.

ಸ್ವಂತ ವಿಷಯಕ್ಕೆ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ದಿನಚರಿ ನನ್ನಿಂದ ಆಗದ ಕೆಲಸ, ಮೂರು ಸಲ ಶುರುಮಾಡಿ ಮೂರು ಸಲವೂ ಜನವರಿ ಎರಡನೇ ವಾರಕ್ಕೆ ಕೈಬಿಟ್ಟಿದ್ದೇನೆ. ಅದಕ್ಕೇ ತಿಂಗಳ ಕೊನೆಯ ದಿನ ನಾಲ್ಕು ಸಾಲು ಮಾತ್ರ. ತಾರೀಖಿಗಿಂತ ವಸ್ತುವಿನ ಹೆಸರು ಬರೆಯುತ್ತೇನೆ, ಆಮೇಲೆ ಹಿಡಿದೆಳೆಯಲು ಏನಾದರೂ ಸಿಗಲಿ ಎಂದು. ಇವತ್ತು ತಿರುವಿ ನೋಡಿದೆ. ಜನವರಿಯಲ್ಲಿ ಸ್ನಾನದ ಮನೆಯ ನಲ್ಲಿ, ಅದರ ಕೆಳಗಿಟ್ಟ ನೀಲಿ ಮಗ್ಗು. ಮಾರ್ಚ್‌ನಲ್ಲಿ ಏನೂ ಹೊಳೆಯಲಿಲ್ಲವೇನೋ, 'ಮಾಮೂಲಿ' ಎಂದಷ್ಟೇ ಇದೆ. ಏಪ್ರಿಲ್ 30ರ ಸಾಲು ಹೀಗಿದೆ: 'ಅಮ್ಮನ ಎರಡನೇ ಕಣ್ಣೂ ಆಯ್ತು. ಹಳೇ ಚೀಟಿಯ ಅಂಟು ಇನ್ನೂ ಹೋಗಿರಲಿಲ್ಲ, ಹೊಸದನ್ನು ಅದರ ಮೇಲೇ ಅಂಟಿಸಿದೆ. ಈ ಸಲ ಗುಲಾಬಿ ಇಲ್ಲ, ಹಸಿರು ಮುಚ್ಚಳ.'